ಗೂಡಿನ ಮುಂದೆ ಕನ್ನಡಿ

ಬಣ್ಣದ ಮೀನಿನ ಅಂಗಡಿಯವನು ಈಗ ಗಡ್ಡವನ್ನೂ ಅಂದಾಜಿನ ಮೇಲೆ ಹೆರೆದುಕೊಳ್ಳುತ್ತಾನೆ. ಕನ್ನಡಿ ಕಂಡರೆ ನಾಚಿಕೆ.

ಬೀದಿಯವರು ಅವನಿಗಿಟ್ಟ ಹೆಸರು ರೇಡಿಯೊ. ಮಾತು ಅವನದು, ಮೀನು ಸಾಕುವ ಕೈ ಹೆಂಡತಿಯದು. ಫೈಟರ್ ಮೀನಿನ ಮರಿ ಮಾಡಿಸಬೇಕೆಂದು ಅವಳು ವರ್ಷವಿಡೀ ಹೆಣಗಿದ್ದಳು. ಕೊನೆಗೂ ಒಂದು ನೀಲಿ ಗಂಡುಮೀನು ನೀರಿನ ಮೇಲೆ ನೊರೆಯ ಗೂಡು ಕಟ್ಟಿ ಮೊಟ್ಟೆ ಕಾಯತೊಡಗಿತು. ಅದಕ್ಕೆ ಊಟದ ಗೊಡವೆಯೂ ಇಲ್ಲ. ಜಾರಿದ ಮೊಟ್ಟೆಯನ್ನು ಬಾಯಲ್ಲಿ ಹಿಡಿದು ಮತ್ತೆ ನೊರೆಗೆ ಸೇರಿಸುವುದೊಂದೇ ಕೆಲಸ.

ಅಂದು ಬೆಳಿಗ್ಗೆ ಅಕ್ಕನ ಮನೆಗೆ ಹೊರಟವಳು ಬಾಗಿಲಲ್ಲಿ ನಿಂತಳು.

"ರೀ, ಗೂಡು ಜೋಪಾನ. ಗಿರಾಕಿಗಳಿಗೆ ತೋರಿಸೋ ಆ ಕನ್ನಡಿ ಆಟ ಮಾತ್ರ ಬೇಡ."

"ಹೋಗೇ, ನಾನೇನು ಎಳೇ ಮಗುನಾ?"

ಎದುರಿಗೆ ಹೊಸ ಮೀನಂಗಡಿ ತೆರೆದಾಗಿನಿಂದ ಅವನಿಗೆ ಹೊಟ್ಟೆಕಿಚ್ಚು. ಬಂದ ಗಿರಾಕಿಗಳಿಬ್ಬರು ಬರಿಗೈಯಲ್ಲಿ ಅತ್ತ ಹೊರಟದ್ದೇ ತಡ, ನಮ್ಮ ರೇಡಿಯೊಗೆ ತಡೆಯಲಾಗಲಿಲ್ಲ. "ಬನ್ನಿ ಸಾರ್, ಒಂದು ತಮಾಷೆ ತೋರಿಸ್ತೀನಿ" ಎಂದು ಕರೆದು, ಗಡ್ಡ ಹೆರೆಯುವ ಕನ್ನಡಿಯನ್ನು ಗೂಡಿದ್ದ ತೊಟ್ಟಿಯ ಗಾಜಿಗೆ ಒರಗಿಸಿಯೇಬಿಟ್ಟ. ಗೂಡಿಗೆ ನುಗ್ಗಲು ಬೇರೊಂದು ಗಂಡು ಬಂತೆಂದೇ ಬಗೆದ ಮೀನು ಕಿವಿರು ಅಗಲಿಸಿ, ರೆಕ್ಕೆ ಕೆದರಿ ಗಾಜಿಗೆ ಅಪ್ಪಳಿಸಿತು. ಜನ ಸೇರಿದರು, ಚಪ್ಪಾಳೆ ಬಿತ್ತು. ಎದುರಂಗಡಿಯವನೂ ಇಣುಕಿದ. ಉರಿದುಕೊಳ್ಳಲಿ ಬಡ್ಡಿಮಗ ಎಂದು ಇವನು ಕನ್ನಡಿಯನ್ನು ಅಲ್ಲೇ ಬಿಟ್ಟು ಹೊರಗೆ ಜಗಲಿಯಲ್ಲಿ ಹರಟೆಗೆ ಕೂತ. ಕೂತವನಿಗೆ ಅದು ಮರೆತೇಹೋಯಿತು.

ಸಂಜೆ ನೆನಪಾಗಿ ಓಡಿಬಂದರೆ ನೊರೆ ಚದುರಿತ್ತು. ಮೊಟ್ಟೆಗಳು ತಳದಲ್ಲಿ ಬೆಳ್ಳಗೆ ಬಿದ್ದಿದ್ದವು. ಅಷ್ಟರಲ್ಲಿ ಹೆಂಡತಿಯ ಚಪ್ಪಲಿಯ ಸದ್ದು ಕೇಳಿಸಿ, ಕನ್ನಡಿಯನ್ನು ಡ್ರಾಯರಿಗೆ ತುರುಕಿದ.

"ಅಯ್ಯೋ, ಏನಾಯ್ತು ರೀ?"

"ಅದೇ ಗೂಡು ಕೆಡವಿ, ಅರ್ಧ ತಿಂದುಬಿಡ್ತು ಕಣೇ. ದರಿದ್ರದ್ದು, ಇದೂ ಒಂದು ಅಪ್ಪನಾ?"

ಹೇಳಿದ ಮೇಲೆ ಅವನ ಬಾಯೇ ಕಹಿಯಾಯಿತು. ಇಡೀ ದಿನ ಕಾದಾಡಿದ ಜೀವದ ಮೇಲೆ ತನ್ನ ತಪ್ಪನ್ನು ಹೊರಿಸಿಬಿಟ್ಟಿದ್ದ.

ಅವಳು ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಬಾಲ ಹರಿದ ಮೀನು ಮೆಲ್ಲಗೆ ತಳಕ್ಕಿಳಿದು, ಸತ್ತ ಮೊಟ್ಟೆಯೊಂದನ್ನು ಬಾಯಲ್ಲಿ ಎತ್ತಿಕೊಂಡಿತು. ಮೇಲಕ್ಕೆ ಬಂದು, ಗೂಡಿದ್ದ ಜಾಗದಲ್ಲಿ ಬಿಟ್ಟಿತು. ಮೊಟ್ಟೆ ಮತ್ತೆ ಕೆಳಗೆ ಬಿತ್ತು. ಮೀನು ಮತ್ತೆ ಇಳಿಯಿತು.

"ಇದು ತಿಂದಿಲ್ಲ ರೀ" ಎಂದಳು, ಅವನತ್ತ ತಿರುಗದೆ.

ಭೂಮಿ ಬಾಯಿಬಿಡಬಾರದೇ ಎನಿಸಿತು ಅವನಿಗೆ. ಡ್ರಾಯರು ಎಳೆದು ಕನ್ನಡಿ ತೆಗೆದ. ಮೀನಿಗೆ ಕಾಣದಂತೆ ಬೋರಲು ಹಿಡಿದು ತಂದು, ಅವಳ ಕಾಲ ಬಳಿ ಇಟ್ಟು, ತಲೆ ತಗ್ಗಿಸಿ ನಿಂತ.