ಹೆರಿಗೆಮನೆಯ ಮಾತು

ಜಡ್ಜ್ ಅಜರಾಯ ಪೆಕ್‌ಗೆ ಸಾಕುಸಾಕಾಗಿ ಹೋಗಿತ್ತು. ಕನೆಕ್ಟಿಕಟ್ ನದಿಯ ದಂಡೆಯ ಆ ವಸಾಹತು ಸೀಮೆಯಲ್ಲಿ ಇಂಗ್ಲೆಂಡಿನ ದೊರೆಯ ಹೆಸರಲ್ಲಿ ನ್ಯಾಯ ಹೇಳಿ ಹೇಳಿ ತಲೆ ನರೆತಿತ್ತು, ಊರೂರಿಗೆ ಕುದುರೆ ಸವಾರಿ ಮಾಡಿ ಸೊಂಟ ಬಿದ್ದುಹೋಗಿತ್ತು. ದೊಡ್ಡ ಓದಿನವನೇನಲ್ಲ. ಹೊಲ ಉತ್ತುಕೊಂಡು, ಹಂದಿ ಸಾಕಿಕೊಂಡು ಇದ್ದವನನ್ನು ಆಳು ನೆಟ್ಟಗಿದ್ದಾನೆ ಅಂತ ಗವರ್ನರ್ ಕರೆದು ಕೂರಿಸಿದ್ದ. ಕೋರ್ಟು ಅಂದರೆ ಹೆಂಡದಂಗಡಿಯ ಅಟ್ಟ. ಕೆಳಗೆ ಸೇಬಿನ ಹೆಂಡದ ಗಲಾಟೆ, ಮೇಲೆ ಬೇಲಿ ಜಗಳ, ಹಂದಿ ಕಳವು. ಸಾಯಂಕಾಲ ಮನೆಗೆ ಬಂದರೆ ಜೋಳದ ಗಂಜಿ ಕುಡಿಯುವುದಕ್ಕೂ ತ್ರಾಣ ಇರುತ್ತಿರಲಿಲ್ಲ.

ಒಂದು ಬಗೆಯ ವ್ಯಾಜ್ಯ ಮಾತ್ರ ಅವನಿಗೆ ಸಲೀಸು. ಮದುವೆಯಾಗದ ಹೆಣ್ಣು ಬಸಿರಾದರೆ, ಹೆರಿಗೆ ನೋವು ಮಿತಿಮೀರಿದಾಗ ಸೂಲಗಿತ್ತಿ ಬಗ್ಗಿ ಕೇಳಬೇಕು: "ಅಪ್ಪ ಯಾರೇ?" ಆಗ ಬಾಯಿಗೆ ಬಂದ ಹೆಸರೇ ಹೆಸರು. ಸಾವಿನ ಬಾಗಿಲಲ್ಲಿರುವವಳು ದೇವರೆದುರು ಸುಳ್ಳಾಡುತ್ತಾಳೆಯೇ? ಅದಕ್ಕೆ ಯಾರೂ ಎದುರಾಡುತ್ತಿರಲಿಲ್ಲ.

ಹಿಂದೊಮ್ಮೆ ಹಾಗೆ ತನ್ನ ಹೆಸರು ಬಂದಾಗ ಪೀಪಾಯಿ ಮಾಡುವ ಈಬನ್ ಒಬ್ಬ ಮಾತ್ರ ಎದುರಾಡಿದ್ದ. "ನಾನಲ್ಲ ಸ್ವಾಮಿ" ಎಂದು ಅತ್ತ. ಅವನ ತಾಯಿ ಮೆಹಿತಬೆಲ್ ಎದ್ದು, "ಅವಳು ಬಸಿರಾದ ತಿಂಗಳೆಲ್ಲ ಜ್ವರ ಬಂದು ನನ್ನ ಕಣ್ಮುಂದೇನೇ ಮಲಗಿದ್ದ" ಎಂದಳು. ಆಗಿನ್ನೂ ಕೂದಲು ಕಪ್ಪಗಿದ್ದ ಪೆಕ್, "ಹೆತ್ತವರ ಮಾತು ಮಕ್ಕಳ ಕಡೇನೇ ವಾಲುತ್ತೆ ತಾಯಿ. ಕೋರ್ಟಲ್ಲಿ ಅದು ನಡೆಯಲ್ಲ, ಕೂತ್ಕೊಳ್ಳಿ" ಎಂದ. ಕೂತಳು. ಈಬನ್‌ನ ಮದುವೆ ಮುರಿಯಿತು. ಹಡಗು ಹತ್ತಿದವನು ತಿರುಗಿ ಬರಲಿಲ್ಲ. ಸುತ್ತಲ ಕೋರ್ಟುಗಳೆಲ್ಲ ಪೆಕ್‌ನ ಆ ಮಾತನ್ನೇ ಎತ್ತಿ ಆಡತೊಡಗಿದವು. ಅವನಿಗೂ ಒಳಗೊಳಗೇ ಹೆಮ್ಮೆ.

ಎಷ್ಟೋ ವರ್ಷದ ಮೇಲೆ, ಒಂದು ವಸಂತದಲ್ಲಿ, ಗಿರಣಿಯವನ ಮನೆಗೆಲಸದ ಹುಡುಗಿ ಡಾರ್ಕಸ್ ಹೆರಿಗೆ ನೋವಿನಲ್ಲಿ ಕೂಗಿದ ಹೆಸರು ಸೈಲಸ್ ಪೆಕ್. ಜಡ್ಜನ ಒಬ್ಬನೇ ಮಗ! ಬರುವ ತಿಂಗಳು ಅವನ ಮದುವೆ ಬೇರೆ.

"ಅಪ್ಪಾ, ನಿನಗೇ ಗೊತ್ತಲ್ಲ," ಎಂದ ಸೈಲಸ್. "ಹೋದ ಬೇಸಿಗೆಯೆಲ್ಲ ನಿನ್ನ ಜೊತೇಲೇ ಅಲೀತಿದ್ದೆ. ಸೊಂಟ ಹಿಡಿದಾಗ ನಿನ್ನ ಕುದುರೆ ಹತ್ತಿಸಿದ್ದು ಯಾರು?"

ಗೊತ್ತಿಲ್ಲದೆ ಏನು? ಪರವೂರ ಛತ್ರಗಳಲ್ಲಿ ಅಪ್ಪ ಮಗ ಒಂದೇ ಹಾಸಿಗೆಯಲ್ಲಿ ಮಲಗಿದ್ದರು. ಹೆರಿಗೆಯ ಹೊತ್ತಿಗೆ ಗಿರಣಿಯವನು ಬಾಗಿಲಿಗೆ ಒರಗಿ ನಿಂತಿದ್ದನಂತೆ. ಪಾಪದ ಹುಡುಗಿ, ಯಾರಿಗೆ ಹೆದರಿ ಯಾರ ಹೆಸರು ಹೇಳಿದಳೋ! ಹಾಗಾದರೆ ಈಬನ್? ಅವನೂ ನಿಜವನ್ನೇ ಹೇಳಿದ್ದನೇ?

ಮಗನ ವ್ಯಾಜ್ಯವಾದ್ದರಿಂದ ಪೀಠಕ್ಕೆ ಪಕ್ಕದ ಸೀಮೆಯ ಜಡ್ಜ್ ಲೈಮನ್ ಬಂದ. ಪೆಕ್ ಸಾಕ್ಷಿಯಾಗಿ ನಿಂತು, ಪ್ರಮಾಣ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಪೆಕ್ಕರೇ," ಲೈಮನ್ ಮುಖ ಸಣ್ಣ ಮಾಡಿಕೊಂಡ. "ಹೆತ್ತವರ ಮಾತು ನಡೆಯಲ್ಲ ಅಂತ ನಮಗೆಲ್ಲ ಕಲಿಸಿದ್ದು ತಾವೇ ಅಲ್ವೇ?"

"ಜಡ್ಜರ ಮಗನಿಗೆ ಬೇರೆ ಕಾನೂನು ಕಣಪ್ಪಾ!" ಹಿಂದಿನಿಂದ ಯಾರೋ ಕೂಗಿದರು. ಅಟ್ಟವೆಲ್ಲ ನಕ್ಕಿತು.

ಮೂಲೆಯ ಬೆಂಚಿನಿಂದ ಈಬನ್‌ನ ತಾಯಿ ಮೆಹಿತಬೆಲ್ ಕೋಲೂರಿ ಎದ್ದಳು. ಮುದುಕಿಯಾಗಿದ್ದಳು. "ಯಾಕ್ರೋ ನಗ್ತೀರ? ಅವರು ನಿಜಾನೇ ಹೇಳ್ತಿದಾರೆ. ಅವತ್ತು ನಾನೂ ಹೀಗೇ ನಿಂತಿದ್ದೆ, ನನಗೆ ಗೊತ್ತಾಗುತ್ತೆ."

"ಅಜ್ಜೀ, ಕೂತ್ಕೊಳ್ಳಿ," ಎಂದ ಲೈಮನ್. ಆಮೇಲೆ ಮೆಲ್ಲಗೆ, "ಪೆಕ್ಕರೇ, ನೀವೂ."

ಅಟ್ಟ ಕಿಕ್ಕಿರಿದಿತ್ತು. ಮುದುಕಿ ತನ್ನ ಬೆಂಚಿನಲ್ಲಿ ಸರಿದು ಪೆಕ್‌ಗೆ ಜಾಗ ಕೊಟ್ಟಳು. ತೀರ್ಪು ಸೈಲಸ್‌ನ ಮೇಲೇ ಬಿತ್ತು. ಹುಡುಗ ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ. ಪೆಕ್ ಏಳಲಿಲ್ಲ, ಇಷ್ಟು ವರ್ಷದ ದಣಿವೆಲ್ಲ ಒಂದೇ ಸಲ ಮೇಲೆ ಬಿದ್ದಿತ್ತು.

ಮುದುಕಿ ಮೊಣಕೈಯಿಂದ ತಿವಿದಳು.

"ಕೂತ್ಕೊಂಡೇನು ಮಾಡ್ತೀರಿ? ಎದ್ದು ಹೋಗಿ ಸ್ವಾಮಿ. ಹಡಗು ಹತ್ತಕ್ಕೆ ಬಿಡಬೇಡಿ."