ಚಿಕ್ಕಪ್ಪನ ಅಸೆಂಬ್ಲರ್, ಅಜ್ಜಿಯ ಸೀಮೆಸುಣ್ಣ

ಕಳೆದ ಭಾನುವಾರ ಅಟ್ಟದಿಂದ ಇಳಿಸಿದ ಹಳೆಯ ಕ್ಯಾಸೆಟ್ಟೊಂದನ್ನು ಟೇಪ್ ರೆಕಾರ್ಡರಿಗೆ ಹಾಕಿದೆ. ಹಾಡು ಬರಲಿಲ್ಲ. ಮೊದಲು ಒಂದೇ ಶ್ರುತಿಯ ಉದ್ದನೆಯ ಕೂಗು, ಆಮೇಲೆ ಕಾದ ಬಾಣಲೆಗೆ ಮರಳು ಸುರಿದಂಥ ಕರಕರ ಸದ್ದು. ಮಗಳು ಕಿವಿ ಮುಚ್ಚಿಕೊಂಡಳು. ನನಗೆ ಮಾತ್ರ ಆ ಸದ್ದಿನ ಜತೆ ಬಿಸಿಯೇರಿದ ಟ್ರಾನ್ಸ್‌ಫಾರ್ಮರಿನ ವಾಸನೆ, ಒದ್ದೆ ಸೀಮೆಸುಣ್ಣದ ವಾಸನೆ, ಗಾಳಿ ತಿರುಗಿದ ದಿನ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯ ಕಡೆಯಿಂದ ಬರುತ್ತಿದ್ದ ಕಾಕಂಬಿಯ ಹುಳಿ ವಾಸನೆ, ಎಲ್ಲ ಒಟ್ಟಿಗೇ ಬಂದವು. ಅದು ಚಿಕ್ಕಪ್ಪನ ಕಂಪ್ಯೂಟರಿನ ಕ್ಯಾಸೆಟ್ಟು.

ನಮ್ಮಜ್ಜಿಗೆ ಒಂದು ಕೆಟ್ಟ ಜ್ವರದ ನಂತರ ಕಿವಿ ಪೂರ್ತಿ ಹೋಗಿತ್ತು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳಾದ್ದರಿಂದ ನಾವೆಲ್ಲ ಅವಳೊಂದಿಗೆ ನೆಲದ ಮೇಲೆ ಮಾತಾಡುತ್ತಿದ್ದೆವು. ಪಡಸಾಲೆಯಲ್ಲಿ ಅವಳ ಮಂಚದ ಮುಂದಿನ ಕೆಂಪು ಗಾರೆ ನೆಲವೇ ಮನೆಮಂದಿಯ ಬಾಯಿ. ಅಪ್ಪ ಡೈರಿಗೆ ಹಾಲು ಹಾಕಿ ಬಂದವನು ಕುಕ್ಕರುಗಾಲಲ್ಲಿ ಕೂತು, ಹಸು ಗೌರಿ ಇವತ್ತು ಸರಿಯಾಗಿ ಹಾಲು ಕರೆಯಲಿಲ್ಲ ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಅಮ್ಮ ಏನು ಸಾರು ಎಂದು ಬರೆಯುತ್ತಿದ್ದಳು. ಅಜ್ಜಿ ತುಟಿ ಆಡಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದಿ, ಬೀದಿಗೆಲ್ಲ ಕೇಳುವಂತೆ ಉತ್ತರ ಹೇಳುತ್ತಿದ್ದಳು. ಪಕ್ಕದ ಮನೆಯ ಜಗಳದ ಸುದ್ದಿ ಬರೆದ ದಿನ ಅವಳ ತೀರ್ಮಾನ ಪಕ್ಕದ ಮನೆಗೂ ಮುಟ್ಟಿ, ಅಪ್ಪ ಹೋಗಿ ಸಮಾಧಾನ ಹೇಳಿ ಬರಬೇಕಾಯಿತು. ಬೆಳಿಗ್ಗೆ ಅಮ್ಮ ನೆಲ ಒರೆಸುವ ಮುನ್ನ ನಾನು ಆ ಸಾಲುಗಳನ್ನು ತಾರೀಖು ಹಾಕಿ ದಿನಚರಿಗೆ ಇಳಿಸಿಕೊಳ್ಳುತ್ತಿದ್ದೆ. ಎಲ್ಲಕ್ಕೂ ತಾರೀಖು ಹಾಕುವ ಹುಡುಗಿ ನಾನು.

ಚಿಕ್ಕಪ್ಪ ಕೆ.ಆರ್. ಪೇಟೆಯಲ್ಲಿ ಟೀವಿ ರಿಪೇರಿ ಮಾಡುತ್ತಿದ್ದ. ಮೈಸೂರು ಬಿಟ್ಟು ಹೊರಟಿದ್ದ ಗಿರಾಕಿಯೊಬ್ಬರು, ಟೀವಿಗೆ ಸಿಕ್ಕಿಸಿ ನಡೆಸುವ ಪುಟ್ಟ ಕಂಪ್ಯೂಟರೊಂದನ್ನು ಅವನಿಗೆ ಕೊಟ್ಟು ಹೋದರು. ಅದನ್ನು ನೋಡಿದ್ದೇ ಅವನಿಗೆ ಹೊಳೆದದ್ದು ಅಜ್ಜಿಯ ಸೊಂಟನೋವು. ನಾವು ಕೀಲಿ ಒತ್ತಿದರೆ ಟೀವಿಯ ಮೇಲೆ ದಪ್ಪ ಕನ್ನಡ ಅಕ್ಷರ ಮೂಡಬೇಕು, ಅವಳು ಬಗ್ಗುವುದು ತಪ್ಪಬೇಕು. ಯಂತ್ರದೊಳಗೇ ಇದ್ದ ಬೇಸಿಕ್ ಭಾಷೆಯಲ್ಲಿ ಬರೆದು ನೋಡಿದ. ಒಂದು ಪದ ಚುಕ್ಕಿ ಚುಕ್ಕಿಯಾಗಿ ಮೂಡುವಷ್ಟರಲ್ಲಿ ಅಜ್ಜಿ ಎದ್ದು ಕೊಟ್ಟಿಗೆಗೆ ಹೋಗಿರುತ್ತಿದ್ದಳು.

ಕಂಪ್ಯೂಟರಿನ ಜತೆ ಎರಡು ಕ್ಯಾಸೆಟ್ಟು ಬಂದಿದ್ದವು. ಆಗ ಪ್ರೋಗ್ರಾಂಗಳನ್ನೂ ಹಾಡಿನಂತೆ ಸದ್ದಾಗಿಸಿ ಕ್ಯಾಸೆಟ್ಟಿನಲ್ಲೇ ತುಂಬಿಸಿಡುತ್ತಿದ್ದರು. ಒಂದರಲ್ಲಿ ಕಂಪೈಲರ್. ಚಿಕ್ಕಪ್ಪ ಬರೆದಿಟ್ಟದ್ದನ್ನೇ ಅದು ಯಂತ್ರದ ಭಾಷೆಗೆ ತಿರುಗಿಸಿ ಕೊಡುತ್ತಿತ್ತು. ಕೆಲವೇ ದಿನಗಳ ಕೆಲಸ, ಆದರೆ ಅಕ್ಷರಗಳು ಒಂದರ ಹಿಂದೊಂದು ತಡವರಿಸಿಕೊಂಡು ಬರುತ್ತಿದ್ದವು. ಇನ್ನೊಂದರಲ್ಲಿ ಅಸೆಂಬ್ಲರ್. ಅದರಲ್ಲಿ ಯಂತ್ರ ಇಡುವ ಒಂದೊಂದು ಹೆಜ್ಜೆಯನ್ನೂ ನಾವೇ ಬರೆಯಬೇಕು. ಬರೆದು ಮುಗಿಸಿದರೆ ಇಡೀ ಸಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಮೂಡುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದ ತಮ್ಮನನ್ನು ನೋಡಿ ಅಪ್ಪ ನಕ್ಕ.

"ನಿಧಾನವಾದ್ರೇನ್ಲಾ? ಅವ್ವ ಏನ್ ಬಸ್ಸು ಇಡೀಬೇಕಾ?"

ಚಿಕ್ಕಪ್ಪ ನಗಲಿಲ್ಲ. "ಕಿವಿ ಇರೋರ್ಗೆ ಮಾತು ಎಂಗೆ ಬತ್ತದೋ ಅವ್ವಂಗೂ ಅಂಗೇ ಬರ್ಬೇಕು ಕಣಣ್ಣ" ಎಂದ. ಅಸೆಂಬ್ಲರಿನ ಕ್ಯಾಸೆಟ್ಟನ್ನು ಕೈಗೆತ್ತಿಕೊಂಡ.

ಆಗ ತೋಟದ ಕಬ್ಬು ಇನ್ನೂ ನಾಟಿಯಾಗಿತ್ತಷ್ಟೆ. ಒಂದು ಹೆಜ್ಜೆ ತಪ್ಪಿದರೂ ಯಂತ್ರ ಕಲ್ಲಾಗುತ್ತಿತ್ತು, ಕರೆಂಟು ಹೋದರೆ ಎಲ್ಲ ಅಳಿಸಿಹೋಗುತ್ತಿತ್ತು. ಆಗೆಲ್ಲ ಕ್ಯಾಸೆಟ್ಟನ್ನು ಮೊದಲಿಂದ ಓಡಿಸಿ ಆ ಕೂಗನ್ನು ಕೇಳುತ್ತ ಕೂರಬೇಕು. ಮನೆಯಲ್ಲಿ ಆ ಸದ್ದು ಕೇಳಿಸದಿದ್ದವಳು ಅಜ್ಜಿ ಒಬ್ಬಳೇ. ಟೀವಿಯ ಮೇಜು ಅವಳ ಮಂಚದ ಮುಂದೆ, ನಾವು ಬರೆಯುತ್ತಿದ್ದ ಜಾಗದಲ್ಲೇ ಕೂತಿತ್ತು. ಸೀಮೆಸುಣ್ಣದ ಪುಡಿ ಟೇಪಿಗೂ ಕೀಲಿಗಳಿಗೂ ಆಗುವುದಿಲ್ಲವೆಂದು ಚಿಕ್ಕಪ್ಪ ಹೇಳಿದ ಮೇಲೆ ಅಮ್ಮ ಡಬ್ಬಿಯನ್ನು ಎತ್ತಿಟ್ಟಳು. ಇನ್ನೇನು ಯಂತ್ರ ಬಂತಲ್ಲ, ಅದರಲ್ಲೇ ಹೇಳಿದರಾಯಿತು ಎಂದು ನಾವೂ ಅಂದುಕೊಂಡೆವು. ಊಟಕ್ಕೆ ಕೈಸನ್ನೆ, ಸ್ನಾನಕ್ಕೆ ಕೈಸನ್ನೆ. ಗೌರಿ ಕರು ಹಾಕಿದ ಸುದ್ದಿಯನ್ನು ಚಿಕ್ಕಪ್ಪ ಟೀವಿಯಲ್ಲಿ ಮೂಡುವ ಮೊದಲ ಸಾಲಿಗೆಂದು ಕಾದಿರಿಸಿದ. ಅಜ್ಜಿ ಕೊಟ್ಟಿಗೆಗೆ ಹೋಗಿ ತಾನೇ ನೋಡಿ ಬಂದಳು, ಯಾರನ್ನೂ ಏನೂ ಕೇಳಲಿಲ್ಲ. ಬರಬರುತ್ತ ಅವಳ ಜೋರು ದನಿಯೇ ಮನೆಯಲ್ಲಿ ಅಪರೂಪವಾಯಿತು. ಟೀವಿಯತ್ತ ತಿರುಗಿದ ಮಗನ ಬೆನ್ನನ್ನು ನೋಡುತ್ತ ಮಂಚದ ಮೇಲೆ ಕೂತಿರುತ್ತಿದ್ದಳು.

ಕಬ್ಬು ಕಟಾವಿಗೆ ಬಂದಾಗ ಪ್ರೋಗ್ರಾಂ ಮುಗಿಯಿತು. ಅಂದು ಸಂಜೆ ಎಲ್ಲರೂ ಪಡಸಾಲೆಯಲ್ಲಿ ಸೇರಿದೆವು. ಚಿಕ್ಕಪ್ಪ ಕೀಲಿ ಒತ್ತಿದ. ಮೊದಲೇ ಬರೆದಿಟ್ಟಿದ್ದ ಸಾಲು ಫಕ್ಕನೆ ಮೂಡಿತು, ಅದರ ಹಿಂದೆಯೇ ಇನ್ನೊಂದು. ಅಜ್ಜಿ ತುಟಿ ಆಡಿಸಿ ಮೊದಲ ಪದ ಕೂಡಿಸುವಷ್ಟರಲ್ಲಿ ಅದು ಮೇಲೆ ಸರಿದುಹೋಗಿತ್ತು. ಅವಳು ಮಗನ ಮುಖ ನೋಡಿ ಸುಮ್ಮನೆ ನಕ್ಕಳು. ಚಿಕ್ಕಪ್ಪ ಮತ್ತೆ ಕೂತು, ಎರಡು ಅಕ್ಷರಗಳ ನಡುವೆ ಯಂತ್ರ ಏನೂ ಮಾಡದೆ ಸುಮ್ಮನೆ ಎಣಿಸುತ್ತ ಕಾಯುವ ಒಂದು ಸುತ್ತು ಸೇರಿಸಿದ. ಸಾಲದೆ ಅದನ್ನು ಹೆಚ್ಚಿಸಿದ, ಮತ್ತೆ ಹೆಚ್ಚಿಸಿದ. ಕೊನೆಗೆ ಅಕ್ಷರಗಳು ಒಂದರ ಹಿಂದೊಂದು ತಡವರಿಸಿಕೊಂಡು ಬರತೊಡಗಿದವು, ಕಂಪೈಲರಿನಲ್ಲಿ ಬಂದಿದ್ದಂತೆಯೇ. ಅಪ್ಪ ಎದ್ದು ಹೊರಗೆ ಹೋದ.

ಅಜ್ಜಿ ಈಗ ಓದಿದಳು. ಅವ್ವ, ಊಟ ಆಯ್ತಾ ಎಂದಿತ್ತು. ಅವಳು ಮೇಜಿನ ಕೆಳಗಿನ ನೆಲವನ್ನು ನೋಡಿದಳು.

"ಚಾಕ್ಪೀಸು ಮುಗ್ದೋಯ್ತೇನ್ಲಾ ಮಗ?" ಎಂದಳು. "ಇದ್ಲಲ್ಲಾದ್ರೂ ಬರೀಬೋದಿತ್ತಲ್ಲಾ."

ಚಿಕ್ಕಪ್ಪ ಕೀಲಿಗಳ ಮೇಲಿಂದ ಕೈ ತೆಗೆದ. ಅಮ್ಮ ಡಬ್ಬಿ ಹುಡುಕಿ ತಂದಳು, ಅದು ನಿಜಕ್ಕೂ ಖಾಲಿಯಾಗಿತ್ತು, ಎತ್ತಿಡುವಾಗ ಯಾರೂ ತೆರೆದು ನೋಡಿರಲಿಲ್ಲ. ಅವನು ಮೇಜನ್ನು ವೈರುಗಳ ಸಮೇತ ಗೋಡೆಗೆ ಸರಿಸಿ, ಅಜ್ಜಿಯ ಚೊಂಬಿನ ನೀರಿನಲ್ಲಿ ಬೆರಳು ಅದ್ದಿ, ಕೆಂಪು ನೆಲದ ಮೇಲೆ 'ನಾಳೆ ತರ್ತೀನಿ' ಎಂದು ಬರೆದ. ಅವಳು ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲಿನದು ಆರಿಹೋಗಿತ್ತು.

ತಂದ. ಮುಂದಿನ ರಾಗಿ ಕೊಯ್ಲಿನ ಹೊತ್ತಿಗೆ ಅಜ್ಜಿ ಹೋದಳು, ಆ ಡಬ್ಬಿಯಲ್ಲಿ ಸೀಮೆಸುಣ್ಣ ಇನ್ನೂ ಉಳಿದಿತ್ತು. ಈಗ ಆ ನೆಲದ ಮೇಲೆ ಟೈಲ್ಸ್ ಕೂತಿದೆ. ಚಿಕ್ಕಪ್ಪನೂ ಇಲ್ಲ. ಭಾನುವಾರ ನಾನು ಮಗಳನ್ನು ಹೊರಗೆ ಕಳಿಸಿ ಕ್ಯಾಸೆಟ್ಟನ್ನು ಕೊನೆಯವರೆಗೂ ಓಡಲು ಬಿಟ್ಟೆ. ಅವನು ಕಡೆಯ ಸಲ ತುಂಬಿಸಿಟ್ಟ ಪ್ರೋಗ್ರಾಂ ಅದು. ಅಜ್ಜಿ ಓದಲಿ ಎಂದು ಸೇರಿಸಿದ ಆ ಕಾಯುವ ಸುತ್ತೂ ಆ ಕರಕರದೊಳಗೆ ಎಲ್ಲೋ ಇರಬೇಕು. ಕಿವಿ ಇರುವ ನನಗೆ ಅದು ಯಾವುದೆಂದು ತಿಳಿಯಲಿಲ್ಲ.