ನೋಡಿಕೊಳ್ಳಲು ಬಿಟ್ಟ ಚಹಾಖಾನೆ

ನಾನು ಮುರುಮದಿಂದ ಮದುವೆಯಾಗಿ ಉದಗೀರಕ್ಕೆ ಬಂದಾಗ ನಮ್ಮ ಮನೆಗೆ ಹೊಂದಿಕೊಂಡ ಚಹಾಖಾನೆಗೆ ಬೀಗ ಬಿದ್ದಿತ್ತು. ರೈಲು ಹಾದಿ ಹಾಕಲು ಬಂದ ಗೋರಾ ಎಂಜಿನಿಯರನ ಅಡುಗೆಯವನು ಅದನ್ನು ತೆರೆದನೆಂದು ಮಾವ ಹೇಳುತ್ತಿದ್ದರು. ಅಲ್ಲ, ಹೈದರಾಬಾದಿನ ಇರಾಣಿಯೊಬ್ಬ ತೆರೆದದ್ದು ಎನ್ನುತ್ತಿದ್ದರು ಅತ್ತೆ. ಇಬ್ಬರೂ ಕಣ್ಣಾರೆ ಕಂಡದ್ದು ಕಡೆಯ ಮಾಲೀಕರನ್ನು ಮಾತ್ರ. ಕೇಕು, ಬಿಸ್ಕೀಟು ಸುಟ್ಟು ಕಚೇರಿಯ ಸಾಹೇಬರಿಗೆಲ್ಲ ಕಳಿಸುತ್ತಿದ್ದ ಆ ಮುಸಲ್ಮಾನ ಗೃಹಸ್ಥರು, ನಿಜಾಮನ ಆಳಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ನಿನ ಗದ್ದಲದಲ್ಲಿ ಹೆಂಡತಿಯನ್ನು ಕರೆದುಕೊಂಡು ಊರು ಬಿಡುವಾಗ ಬೀಗದಕೈಯನ್ನು ಮಾವನ ಕೈಗಿಟ್ಟಿದ್ದರು. "ಎಂಟ ದಿನದಾಗ ಬರ್ತೀನ್ರೀ ಅಯ್ಯನೋರ, ಅಲ್ಲೀತನಕ ನೋಡ್ಕೋರಿ" ಅಂದಿದ್ದರಂತೆ. ವರ್ಷಗಳು ಕಳೆದರೂ ಬರಲಿಲ್ಲ.

ಮಾವ ತೀರಿಕೊಂಡ ಮೇಲೆ ನನ್ನ ಗಂಡ ಬೀಗ ತೆಗೆದು ಚಹಾ ಶುರುಮಾಡಿದರು. ಬಂದವರೆಲ್ಲ ಕೇಕು ಕೇಳುವವರೇ. ನಮ್ಮದು ಜಂಗಮರ ಮನೆ. ಕೇಕಿಗೆ ಬೇಕೆನ್ನುವ ಕೋಳಿ ತತ್ತಿ ಹೊಸ್ತಿಲು ದಾಟುವಂತಿಲ್ಲ. ನಾನು ಅದರ ಬದಲು ಮೊಸರು ಹಾಕಿ ಹಿಟ್ಟು ಕಲಸಿ ಹಿತ್ತಲಿನ ಭಟ್ಟಿಯಲ್ಲಿಟ್ಟೆ. ಮೇಲೆಲ್ಲ ಕರಕು, ಒಳಗೆ ಹಸಿ.

"ಇದು ಕೇಕ್ ಏನ, ರೊಟ್ಟಿ ಏನ?" ಎಂದರು ಇವರು.

ನನಗೂ ತಿಳಿಯಲಿಲ್ಲ. ಅದುವರೆಗೆ ನಾನು ಕೇಕನ್ನೇ ಕಂಡವಳಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಆ ಮಾಲೀಕರು ಹೆಂಡತಿಯೊಂದಿಗೆ ಬಂದೇಬಿಟ್ಟರು. ಅತ್ತೆ ಗುರುತು ಹಿಡಿದರು. ಇವರು ದುಡ್ಡಿನ ಗಲ್ಲೆಯ ಮುಂದಿನಿಂದ ಎದ್ದು, "ತಗೋರಿ ಸಾಹೇಬ್ರ, ನಿಮ್ಮ ಅಂಗಡಿ" ಎಂದರು.

ಅವರು ಕೂರಲಿಲ್ಲ. ಮೇಜಿನ ಮೇಲೆ ಕೈಯಾಡಿಸುತ್ತ, "ನಂದು ಅನ್ಲಿಕ್ಕ ನನಗೂ ಬಾಯಿ ಬರವಲ್ದು. ನನಗೂ ಒಬ್ಬಂವ ಹಿಂಗೇ ನೋಡ್ಕೋ ಅಂತ ಕೊಟ್ಟು ಹೋಗಿದ್ದ. ಅಂವಾ ಯಾವೂರಂವ ಅಂತ ನಾ ಕೇಳೇ ಇಲ್ಲ" ಎಂದರು.

ಹಿತ್ತಲಲ್ಲಿ ಅವರ ಹೆಂಡತಿ ನನ್ನ ಕೇಕಿನ ತುಂಡು ಮುರಿದು ಬಾಯಿಗೆ ಹಾಕಿಕೊಂಡರು. "ಬೆಂಕಿ ಭಾಳ ಆಗ್ಯಾದ ಬೇಟಿ. ಉರಿ ಆರಿದ ಮ್ಯಾಲ ಇಡಬೇಕು."

"ನೀವು ಇಲ್ಲೇ ಇರ್ರಿ" ಎಂದುಬಿಟ್ಟೆ. ಅವರು ಇದ್ದರೆ ನಾವೇನು ಮಾಡುವುದೆಂದು ಯೋಚಿಸಿರಲಿಲ್ಲ. ಯಾಕೆ ಹಾಗಂದೆನೋ ಇಂದಿಗೂ ಹೊಳೆದಿಲ್ಲ.

"ಎಲ್ಲಿ ಇರೂದು ಅಂತ ನಮಗೇ ತಿಳೀವಲ್ದವ್ವ" ಎಂದು ಆಕೆ ಸೆರಗಿಗೆ ಕೈ ಒರೆಸಿಕೊಂಡರು.

ಸಂಜೆಯ ಗಾಡಿಗೆ ಇಬ್ಬರೂ ಹೊರಟರು. ಸ್ಟೇಷನ್ನಿಗೆ ಬಿಟ್ಟು ಬಂದ ಇವರು ಪಡಸಾಲೆಯಲ್ಲಿ ಕೂತರು. "ಏನಂದ್ರು? ನಮಗ ಕೊಟ್ರಾ?" ಎಂದು ಕೇಳಿದೆ.

"ಮಾತ ಮುಗಿಯೂದ್ರಾಗ ಗಾಡಿ ಬಿಡ್ತು."

ಉದಗೀರ ಮಹಾರಾಷ್ಟ್ರಕ್ಕೆ ಸೇರಿದ ಮೇಲೆ ಹಳೆಯ ಉರ್ದು ಬೋರ್ಡು ಅಳಿಸಿ ಮರಾಠಿಯಲ್ಲಿ ಬರೆಸಲು ಪೇಂಟರನನ್ನು ಕರೆಸಿದೆವು. "ಮಾಲಕ್ ಕೋಣ್?" ಎಂದು ಕೆಳಗೆ ಬರೆಯಲು ಮಾಲೀಕರ ಹೆಸರು ಕೇಳಿದ. ಇವರು ನನ್ನತ್ತ ನೋಡಿದರು, ನಾನು ಅತ್ತೆಯತ್ತ ನೋಡಿದೆ.

"ಬರೇ ಚಹಾ, ಬಿಸ್ಕೀಟ ಅಂತ ಬರಿಯಪ್ಪ" ಎಂದರು ಅತ್ತೆ.

ಅವನು ಹಾಗೇ ಬರೆದು ಹೋದ. ಬೋರ್ಡಿನ ಕೆಳಗಿನ ಅರ್ಧ ಖಾಲಿ ಉಳಿಯಿತು.